ಬರ್ಮಾದ ಜನರ ಪರವಾಗಿ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋದ 28 ಮತ್ತು ರಾಜ್ಯಸಭೆಯಲ್ಲಿ ನಮ್ಮ ರಾಜ್ಯವನ್ನು ಪ್ರತಿನಿಧಿಸುವ 12 ಮಂದಿ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಮಿಜೋರಾಂ ರಾಜ್ಯದ ಚಂಫಾಯ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಜೊಖಾವ್ತಾರ್ ಎಂಬ ಊರಿದೆ. ಊರಿನ ತಗ್ಗಿನಲ್ಲಿ ತಿಯಾವ್ ಎಂಬ ಹೊಳೆ ಹರಿಯುತ್ತದೆ. ಹೊಳೆಯ ಮೇಲೊಂದು ಸೇತುವೆ ಇದೆ, ಸೇತುವೆಯ ಆಚೆ ತುದಿ ಮ್ಯಾನ್ಮಾರ್, ಅಂದರೆ ನಾವು ಹಿಂದಿನಿಂದ ಬರ್ಮಾ ಎನ್ನುತ್ತಾ ಬಂದ ದೇಶ. ಎರಡು ವರ್ಷಗಳ ಹಿಂದೆ, ನಿವೃತ್ತಿಯ ನಂತರ ಈಶಾನ್ಯ ರಾಜ್ಯಗಳನ್ನು ನೋಡಬೇಕೆಂಬ ಬಹುದಿನದ ಆಸೆಯಿಂದ ಹೊರಟವನು ಅಲ್ಲಿಯವರೆಗೂ ಹೋಗಿದ್ದೆ. ಊರ ಹೊರಗಿನ ಇಳಿಜಾರಿನಲ್ಲಿ ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು ಹೊದ್ದ ನಿರಾಶ್ರಿತರ ಶೆಡ್ಡುಗಳ ಸಾಲಿತ್ತು. ಅದರಲ್ಲೊಂದು ಶಾಲೆ. ಮೂವತ್ತು ಮೂವತ್ತೈದು ಮಕ್ಕಳು ನೆಲದ ಮೇಲೆ ಕುಳಿತು ಒಕ್ಕೊರಲಿನಿಂದ ಏನನ್ನೋ ಹೇಳುತ್ತಿದ್ದರು. ನಿಂತು ಕಿವಿಗೊಟ್ಟಾಗ ಅದು 'ಕ, ಖ, ಗ, ಘ, ಙ' ಎಂದು ತಿಳಿಯಿತು. ಬರ್ಮೀ ವರ್ಣಮಾಲೆಯ ಕ್ರಮ ನಮ್ಮದೇ ಕ್ರಮ. ಕಪ್ಪು ಹಲಗೆಯ ಮೇಲಿದ್ದ ಅಕ್ಷರಗಳೂ ನಮ್ಮವುಗಳಂತೆಯೇ ಗುಂಡಗೆ, ತಾಳೆಗರಿಯ ಮೇಲೆ ಕಂಟದಿಂದ ಬರೆದು ರೂಢಿಯಾದ ಬಳುಕಿನವು. ಇಡೀ ಜೀವನ ಕಪ್ಪು ಹಲಗೆಯ ಮುಂದೆ ಕಳೆದ ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಆ ಶಾಲೆಯ ಮೇಷ್ಟ್ರು ಹೊಳೆಯ ಆಚೆ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವರು. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡಾಗ ವೈದ್ಯರು, ದಾದಿಯರು, ರೈಲ್ವೆ ನೌಕರರು, ಶಿಕ್ಷಕರು ಸೇನೆಯ ಕೈಕೆಳಗೆ ದುಡಿಯುವುದಿಲ್ಲವೆಂದು ಕೆಲಸ ಬಿಟ್ಟು ಹೊರಬಂದ ಅಸಹಕಾರ ಚಳವಳಿಯಲ್ಲಿ ಅವರೂ ಸೇರಿದ್ದರು. ಕೆಲಸ ಹೋಯಿತು, ವಾರಂಟು ಬಂತು, ಹೆಂಡತಿ ಮಕ್ಕಳೊಂದಿಗೆ ರಾತ್ರೋರಾತ್ರಿ ಹೊಳೆ ದಾಟಿದರು. ಮಿಜೋ ಮಿತ್ರರೊಬ್ಬರ ಅನುವಾದದ ನೆರವಿನಿಂದ ನಾವು ಬಹಳ ಹೊತ್ತು ಮಾತನಾಡಿದೆವು. ಹೊರಡುವಾಗ ಅವರು, 'ನಿಮ್ಮ ಪಾರ್ಲಿಮೆಂಟಿನಲ್ಲಿ ನಮ್ಮ ಬಗ್ಗೆ ಯಾರು ಮಾತನಾಡುತ್ತಾರೆ?' ಎಂದು ಕೇಳಿದರು. ಮೂವತ್ತು ವರ್ಷ ರಾಜ್ಯಶಾಸ್ತ್ರ ಬೋಧಿಸಿದ ನನ್ನ ಬಳಿ ಆ ಪ್ರಶ್ನೆಗೆ ಹೇಳಬಹುದಾದ ಒಂದು ಹೆಸರೂ ಇರಲಿಲ್ಲ. ಆ ಹೆಸರು ನಿಮ್ಮದಾಗಲಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ವಿದೇಶಾಂಗ ನೀತಿ ದೆಹಲಿಯ ವಿದೇಶಾಂಗ ಸಚಿವಾಲಯದವರ ವಿಷಯ, ಅದರಲ್ಲಿ ಕರ್ನಾಟಕದ ಸಂಸದರ ಪಾತ್ರವೇನು ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಉತ್ತರವಾಗಿ, ನಮ್ಮ ನಾಡಿನಲ್ಲೇ ಬಹಳ ಮಂದಿ ಮರೆತಿರುವ ಒಂದು ಸಂಗತಿಯನ್ನು ನೆನಪಿಸಬಯಸುತ್ತೇನೆ. 1947ರಲ್ಲಿ ಸ್ವತಂತ್ರ ಬರ್ಮಾಕ್ಕೆ ಸಂವಿಧಾನವನ್ನು ರಚಿಸುವಾಗ ಅಲ್ಲಿನವರಿಗೆ ನೆರವಾದವರು ಬೆನಗಲ್ ನರಸಿಂಗ ರಾಯರು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮುಂದೆ ನಮ್ಮ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಅದೇ ಬಿ.ಎನ್. ರಾವ್. 1947ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಗಿ, 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಜಾರಿಗೆ ಬಂದ ಆ ಸಂವಿಧಾನದಲ್ಲಿ ಮಂಗಳೂರಿನ ಒಬ್ಬರ ಶ್ರಮವಿತ್ತು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಸೈನಿಕರನ್ನು ಬೀದಿಗಿಳಿಸಿ ಹರಿದು ಹಾಕಿದ್ದು ಅದೇ ಸಂವಿಧಾನವನ್ನು. ಹೀಗಾಗಿ ಬರ್ಮಾದ ಪ್ರಜಾಪ್ರಭುತ್ವದ ಮಾತು ಬಂದಾಗ ಅದು ದೂರದ ಯಾವುದೋ ದೇಶದ ಮನೆವಾರ್ತೆ ಎಂದು ನನಗೆ ಅನ್ನಿಸುವುದಿಲ್ಲ.

ಆ ಕಾಲದ ಸ್ನೇಹ ಎಂಥದಿತ್ತು ಎಂಬುದಕ್ಕೆ ಇನ್ನೊಂದು ಚಿತ್ರವಿದೆ. 1947ರ ಜನವರಿಯಲ್ಲಿ ಬರ್ಮಾದ ಸ್ವಾತಂತ್ರ್ಯ ನಾಯಕ ಆಂಗ್ ಸಾನ್ ಅವರು ಬ್ರಿಟಿಷರೊಂದಿಗೆ ಮಾತುಕತೆಗೆಂದು ಲಂಡನ್ನಿಗೆ ಹೋಗುವ ದಾರಿಯಲ್ಲಿ ದೆಹಲಿಯಲ್ಲಿ ಇಳಿದಿದ್ದರು. ಅವರ ತೆಳು ಸಮವಸ್ತ್ರವನ್ನು ಕಂಡ ನೆಹರೂ ಅವರು ಲಂಡನ್ನಿನ ಚಳಿಗೆ ಇದು ಸಾಲದೆಂದು ಒಂದು ದಪ್ಪ ಓವರ್‌ಕೋಟನ್ನು ಒದಗಿಸಿಕೊಟ್ಟರು. ಲಂಡನ್ನಿನಲ್ಲಿ ತೆಗೆದ ಆಂಗ್ ಸಾನ್ ಅವರ ಪ್ರಸಿದ್ಧ ಚಿತ್ರದಲ್ಲಿ ಅವರು ಮೈಮೇಲೆ ಹೊದ್ದಿರುವುದು ಅದನ್ನೇ. ಅದೇ ವರ್ಷ ಜುಲೈ 19ರಂದು, ಸ್ವಾತಂತ್ರ್ಯವನ್ನು ಕಾಣುವ ಮೊದಲೇ, ಅವರನ್ನು ಕೊಲ್ಲಲಾಯಿತು. ಆಗ ಎರಡು ವರ್ಷದ ಮಗುವಾಗಿದ್ದ ಅವರ ಮಗಳು ಮುಂದೆ ತಾಯಿ ಭಾರತದಲ್ಲಿ ಬರ್ಮಾದ ರಾಯಭಾರಿಯಾಗಿ ಬಂದಾಗ ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿ 1964ರಲ್ಲಿ ಪದವಿ ಪಡೆದರು. ಅವರೇ ಆಂಗ್ ಸಾನ್ ಸೂ ಕಿ.

1988ರ ಆಗಸ್ಟ್ 8ರಂದು ಬರ್ಮಾದ ವಿದ್ಯಾರ್ಥಿಗಳು ಬೀದಿಗಿಳಿದು ಸೇನೆಯ ಗುಂಡಿಗೆ ಸಾವಿರಾರು ಸಂಖ್ಯೆಯಲ್ಲಿ ಬಲಿಯಾದಾಗ ಭಾರತ ಸುಮ್ಮನಿರಲಿಲ್ಲ. ರಾಜೀವ್ ಗಾಂಧಿಯವರ ಸರ್ಕಾರ ಪ್ರಜಾಪ್ರಭುತ್ವವಾದಿಗಳ ಪರವಾಗಿ ಬಹಿರಂಗವಾಗಿ ಮಾತನಾಡಿತು, ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗಾಗಿ ಮಿಜೋರಾಂ ಮತ್ತು ಮಣಿಪುರಗಳಲ್ಲಿ ಶಿಬಿರಗಳನ್ನು ತೆರೆಯಿತು, ಆಕಾಶವಾಣಿಯ ಬರ್ಮೀ ಪ್ರಸಾರ ಸೇನೆಯ ದೌರ್ಜನ್ಯವನ್ನು ಆ ದೇಶದ ಮನೆಮನೆಗೂ ತಲುಪಿಸಿತು. ಅದಕ್ಕೂ ಮೊದಲು, ಸೇನೆಯಿಂದ ಪದಚ್ಯುತರಾಗಿದ್ದ ಪ್ರಧಾನಿ ಊ ನು ಅವರಿಗೆ ಭೋಪಾಲದಲ್ಲಿ ವರ್ಷಗಟ್ಟಲೆ ಆಶ್ರಯ ನೀಡಿದ್ದೂ ಇದೇ ಭಾರತ. 1990ರ ಮೇ 27ರ ಚುನಾವಣೆಯಲ್ಲಿ ಸೂ ಕಿ ಅವರ ನ್ಯಾಷನಲ್ ಲೀಗ್ ಫಾರ್ ಡೆಮಾಕ್ರಸಿ ಪಕ್ಷ 392 ಸ್ಥಾನಗಳನ್ನು ಗೆದ್ದಿತು. ಸೇನೆ ಸಂಸತ್ತನ್ನು ಕರೆಯಲೇ ಇಲ್ಲ. ಅಲ್ಲಿಂದಾಚೆಗೆ ನಮ್ಮ ಧ್ವನಿ ಕ್ರಮೇಣ ಉಡುಗಿತು. 1993ರ ಹೊತ್ತಿಗೆ ದೆಹಲಿ ಸೇನಾಡಳಿತದೊಂದಿಗೆ ಮಾತುಕತೆಯ ಹಾದಿ ಹಿಡಿಯಿತು. 2007ರ ಸೆಪ್ಟೆಂಬರಿನಲ್ಲಿ ಕಾವಿ ಬಟ್ಟೆಯ ಬೌದ್ಧ ಭಿಕ್ಷುಗಳು ಯಾಂಗೂನಿನ ರಸ್ತೆಗಳಲ್ಲಿ ಮೆರವಣಿಗೆ ನಡೆಸಿ ಪೆಟ್ಟು ತಿನ್ನುತ್ತಿದ್ದ ದಿನಗಳಲ್ಲೇ ನಮ್ಮ ಪೆಟ್ರೋಲಿಯಂ ಸಚಿವರು ಅನಿಲ ನಿಕ್ಷೇಪಗಳ ಒಪ್ಪಂದಕ್ಕಾಗಿ ಆ ದೇಶದ ರಾಜಧಾನಿಯಲ್ಲಿದ್ದರು. 2012ರ ನವೆಂಬರಿನಲ್ಲಿ ದೆಹಲಿಗೆ ಬಂದಿದ್ದ ಸೂ ಕಿ ಅವರು, ತಮ್ಮ ಅತ್ಯಂತ ಕಷ್ಟದ ದಿನಗಳಲ್ಲಿ ಭಾರತ ತಮ್ಮಿಂದ ದೂರ ಸರಿದದ್ದು ದುಃಖ ತಂದಿತು ಎಂಬ ಅರ್ಥದ ಮಾತನ್ನು ನಮ್ಮ ನೆಲದ ಮೇಲೆ ನಿಂತೇ ಹೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ನನ್ನನ್ನು ಹೆಚ್ಚು ನೋಯಿಸಿತು.

ಈಗಿನ ಸ್ಥಿತಿಗೆ ಬರುತ್ತೇನೆ. 2020ರ ನವೆಂಬರ್ ಚುನಾವಣೆಯಲ್ಲಿ ಸೂ ಕಿ ಅವರ ಪಕ್ಷ 476 ಚುನಾಯಿತ ಸ್ಥಾನಗಳಲ್ಲಿ 396ನ್ನು ಗೆದ್ದಿತ್ತು. ಸೇನೆ ತಾನೇ ಬರೆದುಕೊಂಡ 2008ರ ಸಂವಿಧಾನದಲ್ಲಿ ಸಂಸತ್ತಿನ ನಾಲ್ಕನೇ ಒಂದು ಭಾಗವನ್ನು ಸಮವಸ್ತ್ರಧಾರಿಗಳಿಗೆ ಮೀಸಲಿಟ್ಟು, ತಿದ್ದುಪಡಿಗೆ ಶೇ 75ಕ್ಕಿಂತ ಹೆಚ್ಚಿನ ಮತ ಬೇಕೆಂದು ಕಟ್ಟು ಹಾಕಿ, ರಕ್ಷಣೆ, ಗೃಹ, ಗಡಿ ವ್ಯವಹಾರ ಈ ಮೂರೂ ಖಾತೆಗಳನ್ನು ತನ್ನ ಕೈಯಲ್ಲಿಟ್ಟುಕೊಂಡಿತ್ತು. ಅಷ್ಟಿದ್ದೂ ಜನರ ತೀರ್ಪು ಅದಕ್ಕೆ ಸಹ್ಯವಾಗಲಿಲ್ಲ. 2021ರ ಫೆಬ್ರವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನದ ನಸುಕಿನಲ್ಲಿ, ಅಧ್ಯಕ್ಷ ವಿನ್ ಮ್ಯಿಂಟ್ ಮತ್ತು ಸೂ ಕಿ ಅವರನ್ನು ಬಂಧಿಸಿ ಸೇನಾಪತಿ ಮಿನ್ ಆಂಗ್ ಲೈಂಗ್ ಅಧಿಕಾರ ಹಿಡಿದರು. ಆ ವಾರವಿಡೀ ರಾತ್ರಿ ಎಂಟು ಗಂಟೆಗೆ ಊರೂರುಗಳಲ್ಲಿ ಜನ ಮನೆಯ ಪಾತ್ರೆ ಬಡಿದು ಸದ್ದು ಮಾಡಿದರು. ದುಷ್ಟಶಕ್ತಿಯನ್ನು ಮನೆಯಿಂದ ಓಡಿಸಲು ಅವರಲ್ಲಿ ಹಾಗೆ ಮಾಡುವ ರೂಢಿಯಿದೆ. ಆ ನಂತರ ಗುಂಡುಗಳು ಬಂದವು. ಮಾರ್ಚ್ 27ರ ಸೇನಾ ದಿನಾಚರಣೆಯ ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಯಿತು. ಅಂದು ಬೆಳಿಗ್ಗೆ ರಾಜಧಾನಿ ನೇಪಿಡಾವಿನಲ್ಲಿ ನಡೆದ ಕವಾಯತಿಗೆ ಹಾಜರಿದ್ದ ಕೆಲವೇ ದೇಶಗಳ ಪ್ರತಿನಿಧಿಗಳಲ್ಲಿ ಭಾರತದವರೂ ಇದ್ದರು. ಈ ಒಂದು ವಾಕ್ಯವನ್ನು ಬರೆಯಲು ನನಗೆ ಸಂಕಟವಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಅಲ್ಲಿ ಏನೇನಾಯಿತು ಎಂಬುದು ಪತ್ರಿಕೆ ಓದುವ ತಮಗೆ ತಿಳಿದೇ ಇದೆ. ಒಂದನ್ನು ಮಾತ್ರ ಹೇಳುತ್ತೇನೆ. 2023ರ ಏಪ್ರಿಲ್ 11ರಂದು, ನಮ್ಮ ಮಣಿಪುರ, ನಾಗಾಲ್ಯಾಂಡುಗಳಿಗೆ ತಾಗಿಕೊಂಡಿರುವ ಸಗಾಯಿಂಗ್ ಪ್ರಾಂತದ ಪಜಿಗ್ಯಿ ಎಂಬ ಹಳ್ಳಿಯಲ್ಲಿ, ಪ್ರತಿರೋಧ ಆಡಳಿತದ ಕಚೇರಿಯೊಂದನ್ನು ತೆರೆಯುವ ಸಮಾರಂಭಕ್ಕೆ ಸೇರಿದ್ದ ಜನರ ಮೇಲೆ ಯುದ್ಧವಿಮಾನ ಬಾಂಬು ಹಾಕಿತು. ಸತ್ತವರು 160ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು. ಒಂದು ದೇಶದ ವಾಯುಪಡೆ ತನ್ನದೇ ಹಳ್ಳಿಯ ಮೇಲೆ ಎರಗಿದ್ದು ಇದು ಮೊದಲಲ್ಲ, ಕೊನೆಯದೂ ಅಲ್ಲ. 2025ರ ಮಾರ್ಚ್ 28ರಂದು 7.7 ತೀವ್ರತೆಯ ಭೂಕಂಪಕ್ಕೆ ಮಂಡಾಲೆ, ಸಗಾಯಿಂಗ್‌ಗಳು ಕುಸಿದು 3,700ಕ್ಕೂ ಹೆಚ್ಚು ಜನ ಸತ್ತಾಗಲೂ ವೈಮಾನಿಕ ದಾಳಿ ನಿಲ್ಲಲಿಲ್ಲ. ಆಗ 'ಆಪರೇಷನ್ ಬ್ರಹ್ಮ' ಹೆಸರಿನಲ್ಲಿ ತಕ್ಷಣ ಧಾವಿಸಿ ಮಂಡಾಲೆಯಲ್ಲಿ ಆಸ್ಪತ್ರೆ ತೆರೆದ ನಮ್ಮ ಸೈನಿಕ ವೈದ್ಯರ ಕೆಲಸವನ್ನು ನಾನು ಹೃದಯಪೂರ್ವಕ ಸ್ಮರಿಸುತ್ತೇನೆ. ಸಹಾಯದ ಕೈ ಚಾಚುವ ಶಕ್ತಿ ನಮಗಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

2025ರ ಡಿಸೆಂಬರ್ 28ರಿಂದ 2026ರ ಜನವರಿಯವರೆಗೆ ಮೂರು ಹಂತಗಳಲ್ಲಿ ನಡೆದದ್ದನ್ನು ಸೇನೆ ಚುನಾವಣೆ ಎನ್ನುತ್ತದೆ. ಜನರು ಗೆಲ್ಲಿಸಿದ್ದ ಪಕ್ಷವನ್ನು 2023ರ ಮಾರ್ಚಿನಲ್ಲೇ ಚುನಾವಣಾ ಆಯೋಗ ವಿಸರ್ಜಿಸಿತ್ತು. ಅದರ ನಾಯಕಿಗೆ ಒಂದರ ಮೇಲೊಂದು ಮೊಕದ್ದಮೆ ಹೂಡಿ ಒಟ್ಟು 33 ವರ್ಷಗಳ ಶಿಕ್ಷೆ ವಿಧಿಸಿ, ಆಮೇಲೆ ಆರು ವರ್ಷ ಕಡಿತ ಮಾಡಲಾಗಿತ್ತು. ಚುನಾವಣೆಯನ್ನು ವಿರೋಧಿಸಿ ಮಾತನಾಡಿದವರನ್ನು, ಅಡ್ಡಿಪಡಿಸಿದವರನ್ನು ಜೈಲಿಗೆ ಹಾಕುವ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಗೂ ಗುರಿಪಡಿಸುವ ಕಾನೂನನ್ನು 2025ರ ಜುಲೈಯಲ್ಲಿ ತರಲಾಯಿತು. ಸೇನೆಯ ಹಿಡಿತವಿಲ್ಲದ ಹತ್ತಾರು ತಾಲ್ಲೂಕುಗಳಲ್ಲಿ ಮತಪೆಟ್ಟಿಗೆಯೇ ತೆರೆಯಲಿಲ್ಲ. ಗೆದ್ದದ್ದು ಸೇನೆಯೇ ಸಾಕಿದ ಪಕ್ಷ. 2025ರ ಆಗಸ್ಟ್ 31ರಂದು ಚೀನಾದ ತಿಯಾನ್‌ಜಿನ್‌ನಲ್ಲಿ ನಮ್ಮ ಪ್ರಧಾನಿಯವರು ಮಿನ್ ಆಂಗ್ ಲೈಂಗ್ ಅವರನ್ನು ಭೇಟಿಯಾದಾಗ, ಚುನಾವಣೆ ನ್ಯಾಯಯುತವಾಗಿ, ಎಲ್ಲರನ್ನೂ ಒಳಗೊಂಡು ನಡೆಯಲಿ ಎಂಬ ಆಶಯವನ್ನು ವ್ಯಕ್ತಪಡಿಸಿದ್ದರು. ಆಶಯ ಒಳ್ಳೆಯದೇ. ಆದರೆ ಅದು ಈಡೇರಲಿಲ್ಲ ಎಂಬುದು ಕಣ್ಣೆದುರಿಗೇ ಇರುವಾಗ, ಈಡೇರಲಿಲ್ಲ ಎಂದು ಭಾರತ ಹೇಳಬೇಕಲ್ಲವೇ?

ವಿಶ್ವಸಂಸ್ಥೆಯಲ್ಲಿ ನಮ್ಮ ನಡೆ ಹೀಗಿದೆ. 2021ರ ಜೂನ್ 18ರಂದು ಸಾಮಾನ್ಯ ಸಭೆಯಲ್ಲಿ ಸೇನಾ ದಂಗೆಯನ್ನು ಖಂಡಿಸಿ, ಮ್ಯಾನ್ಮಾರಿಗೆ ಶಸ್ತ್ರಾಸ್ತ್ರ ಹರಿದುಹೋಗದಂತೆ ತಡೆಯಬೇಕೆಂಬ ನಿರ್ಣಯಕ್ಕೆ 119 ದೇಶಗಳು ಪರವಾಗಿ ಮತ ಹಾಕಿದವು, ತಟಸ್ಥವಾಗಿ ಉಳಿದ 36 ದೇಶಗಳಲ್ಲಿ ಭಾರತವಿತ್ತು. 2022ರ ಡಿಸೆಂಬರ್ 21ರಂದು ಭದ್ರತಾ ಮಂಡಳಿ ಹಿಂಸೆ ನಿಲ್ಲಿಸಿ ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿ ಎಂದು 2669ನೇ ನಿರ್ಣಯವನ್ನು ಅಂಗೀಕರಿಸಿದಾಗ 12 ಸದಸ್ಯರು ಪರವಾಗಿದ್ದರು. ಚೀನಾ, ರಷ್ಯಾಗಳೊಂದಿಗೆ ತಟಸ್ಥವಾಗಿ ಕೈಕಟ್ಟಿ ಕುಳಿತ ಮೂರನೆಯ ದೇಶ ನಮ್ಮದು. 1950ರ ಜೂನಿನಲ್ಲಿ ಅದೇ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಭಾರತದ ಪ್ರತಿನಿಧಿಯಾಗಿ ಕುಳಿತಿದ್ದವರು ಬೆನಗಲ್ ನರಸಿಂಗ ರಾಯರು.

ದೆಹಲಿಯ ವಾದಗಳು ನನಗೆ ತಿಳಿಯದವಲ್ಲ, ಅವು ಹುಸಿ ಎಂದೂ ನಾನು ಹೇಳುವುದಿಲ್ಲ. 1,643 ಕಿಲೋಮೀಟರ್ ಉದ್ದದ ಗಡಿ. ಗಡಿಯಾಚೆ ಅಡಗುವ ಈಶಾನ್ಯದ ಬಂಡುಕೋರರು. ಸೇನೆಯನ್ನು ದೂರ ಮಾಡಿಕೊಂಡರೆ ಅದು ಪೂರ್ತಿಯಾಗಿ ಚೀನಾದ ತೆಕ್ಕೆಗೆ ಬೀಳುತ್ತದೆ ಎಂಬ ಭಯ. ಕೊಲ್ಕತ್ತಾದಿಂದ ಸಿತ್ವೆ ಬಂದರು, ಅಲ್ಲಿಂದ ಕಲಾದಾನ್ ನದಿಯ ಮೂಲಕ ಪಲೆತ್ವಾ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂ ತಲುಪುವ ಸಾರಿಗೆ ಯೋಜನೆಯ ಮೇಲೆ ನಾವು ಹೂಡಿರುವ ಹಣ. ಇವೆಲ್ಲ ನಿಜವಾದ ಹಿತಾಸಕ್ತಿಗಳು. ಮೂವತ್ತು ವರ್ಷಗಳ ಹಿಂದೆ ಈ ವಾದಕ್ಕೆ ತೂಕವಿತ್ತು, ಏಕೆಂದರೆ ಆಗ ಗಡಿಯ ಆಚೆ ಬದಿಯಲ್ಲಿ ಸೇನೆಯ ಹಿಡಿತ ಈಗಿನಂತೆ ಸಡಿಲವಾಗಿರಲಿಲ್ಲ. ಇಂದು ಹಾಗಿಲ್ಲ. 2023ರ ಅಕ್ಟೋಬರ್ 27ರಂದು ಸೇನೆಯ ವಿರುದ್ಧ ಜನಾಂಗೀಯ ಸಶಸ್ತ್ರ ಪಡೆಗಳು ಆರಂಭಿಸಿದ ದಾಳಿಯ ನಂತರ ಸೇನೆ ಒಂದೊಂದೇ ಪಟ್ಟಣವನ್ನು ಕಳೆದುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ನಾನು ಹೇಳಿದ ಆ ಸೇತುವೆಯ ಆಚೆಯ ರಿಖಾವ್ದಾರ್ ಪಟ್ಟಣ ಚಿನ್ ಜನಾಂಗದ ಬಂಡುಕೋರ ಪಡೆಗಳ ಕೈಸೇರಿತು. ಸೋತ ಮ್ಯಾನ್ಮಾರ್ ಸೈನಿಕರೇ ಹೊಳೆ ದಾಟಿ ಮಿಜೋರಾಮಿನಲ್ಲಿ ಶರಣು ಬಂದರು. 2024ರ ಜನವರಿಯಲ್ಲಿ ನಮ್ಮ ಕಲಾದಾನ್ ಯೋಜನೆಯ ನಡುಗಂಬದಂತಿರುವ ಪಲೆತ್ವಾವನ್ನು ರಖೈನ್ ಜನರ ಸಶಸ್ತ್ರ ಪಡೆಯಾದ ಅರಾಕಾನ್ ಆರ್ಮಿ ಹಿಡಿಯಿತು. ನಾವು ಯಾರನ್ನು ಓಲೈಸುತ್ತಿದ್ದೇವೆಯೋ ಅವರ ಬಳಿ ನಮಗೆ ಬೇಕಾದ ರಸ್ತೆಯೂ ಇಲ್ಲ, ಬಹುಪಾಲು ಗಡಿಯೂ ಇಲ್ಲ. ಚೀನಾದ ಭಯವನ್ನು ಮುಂದಿಡುವವರಿಗೆ ಒಂದು ಮಾತು: ಸೇನೆಯನ್ನು ಕೈಹಿಡಿದು ನಡೆಸುವ ಶಕ್ತಿ ಚೀನಾಕ್ಕೆ ನಮಗಿಂತ ಹತ್ತು ಪಟ್ಟು ಹೆಚ್ಚಿದೆ, ಆ ಪೈಪೋಟಿಯಲ್ಲಿ ನಾವು ಗೆಲ್ಲುವುದಿಲ್ಲ. ಚೀನಾ ಎಂದಿಗೂ ಕೊಡಲಾಗದ್ದು ನಮ್ಮ ಬಳಿ ಒಂದಿದೆ. ಅದು ಹಲವು ಭಾಷೆ, ಹಲವು ಜನಾಂಗಗಳನ್ನು ಒಂದೇ ಸಂವಿಧಾನದಡಿ ಮತಪೆಟ್ಟಿಗೆಯ ಮೂಲಕ ಹಿಡಿದಿಟ್ಟುಕೊಂಡ ಅನುಭವ.

ಬರ್ಮಾಕ್ಕೆ ಬೇಕಾಗಿರುವುದೂ ಅದೇ. ಅಲ್ಲಿನ ಜಗಳ ಸೂ ಕಿ ಮತ್ತು ಸೇನೆಯ ನಡುವಿನದು ಮಾತ್ರವಲ್ಲ. ಕಾಚಿನ್, ಕರೆನ್, ಚಿನ್, ಶಾನ್, ಮೊನ್, ರಖೈನ್ ಜನರಿಗೆ 1947ರಿಂದಲೂ ಭರವಸೆಯಾಗಿಯೇ ಉಳಿದ ಒಕ್ಕೂಟ ವ್ಯವಸ್ಥೆಯ ಪ್ರಶ್ನೆ ಅದರ ಬುಡದಲ್ಲಿದೆ. ಚುನಾಯಿತ ಪ್ರತಿನಿಧಿಗಳು 2021ರ ಏಪ್ರಿಲ್ 16ರಂದು ರಚಿಸಿದ ರಾಷ್ಟ್ರೀಯ ಐಕ್ಯ ಸರ್ಕಾರ ಒಕ್ಕೂಟ ಪ್ರಜಾಪ್ರಭುತ್ವವನ್ನು ತನ್ನ ಗುರಿಯೆಂದು ಸ್ಪಷ್ಟವಾಗಿ ಘೋಷಿಸಿತು. ಪ್ರಜಾಪ್ರಭುತ್ವವಾದಿಗಳೂ ತಪ್ಪು ಮಾಡಿದ್ದಾರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 2017ರಲ್ಲಿ ಸೇನೆ ರೊಹಿಂಗ್ಯಾಗಳ ಹಳ್ಳಿಗಳನ್ನು ಸುಟ್ಟು ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಬಾಂಗ್ಲಾದೇಶಕ್ಕೆ ಅಟ್ಟಿದಾಗ ಸೂ ಕಿ ಮೌನವಾಗಿದ್ದರು, 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತಮ್ಮ ದೇಶದ ಪರವಾಗಿ ನಿಂತು ವಾದಿಸಿದರು. ಅವರನ್ನು ಮೆಚ್ಚಿದ್ದ ನನ್ನಂಥವರಿಗೆ ಅದು ಇಂದಿಗೂ ಮಾಸದ ನೋವು. ಆದರೆ 2021ರ ಜೂನಿನಲ್ಲಿ ಅದೇ ಐಕ್ಯ ಸರ್ಕಾರ ರೊಹಿಂಗ್ಯಾಗಳಿಗೆ ನ್ಯಾಯ ಮತ್ತು ಪೌರತ್ವದ ಭರವಸೆ ನೀಡಿತು. ತಾವೂ ಸೇನೆಯ ಬಂದೂಕಿನ ಮುಂದೆ ನಿಂತ ಮೇಲೆ ಎಷ್ಟೋ ಬರ್ಮೀ ಯುವಕರು ರೊಹಿಂಗ್ಯಾಗಳಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಬಂದೂಕು ಕಳುಹಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಕಡೆಯಿಂದ ಹೋಗುತ್ತಿರುವುದನ್ನು ನಿಲ್ಲಿಸಿ ಎಂದು ಕೇಳುತ್ತಿದ್ದೇನೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಅವರು 2023ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಂಗೆಯ ನಂತರ ಮ್ಯಾನ್ಮಾರ್ ಸೇನೆಗೆ ಹೊರಗಿನಿಂದ ಬಂದ ಕನಿಷ್ಠ 100 ಕೋಟಿ ಡಾಲರ್ ಮೌಲ್ಯದ ಶಸ್ತ್ರಾಸ್ತ್ರ ಮತ್ತು ಸಾಮಗ್ರಿಗಳಲ್ಲಿ 5.1 ಕೋಟಿ ಡಾಲರಿನಷ್ಟು, ಆಗಿನ ಲೆಕ್ಕದಲ್ಲಿ ಸುಮಾರು 420 ಕೋಟಿ ರೂಪಾಯಿಯಷ್ಟು, ಭಾರತದಿಂದ ಹೋಗಿತ್ತು. ಅದನ್ನು ಕಳುಹಿಸಿದವರಲ್ಲಿ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳೂ ಇದ್ದವು. ರಷ್ಯಾ, ಚೀನಾಗಳ ಮೊತ್ತಕ್ಕೆ ಹೋಲಿಸಿದರೆ ಇದು ಸಣ್ಣದೆಂದು ಸಮಾಧಾನ ಹೇಳಬಹುದು. ರಕ್ಷಣಾ ಸಾಮಗ್ರಿ ತಯಾರಿಸುವ ಸಾರ್ವಜನಿಕ ರಂಗದ ದೊಡ್ಡ ಕಾರ್ಖಾನೆಗಳು ಬೆಂಗಳೂರಿನಲ್ಲಿವೆ. ಅಲ್ಲಿ ದುಡಿಯುವವರು ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ತಮ್ಮ ಕೈಯ ಕೆಲಸ ಯಾವ ಹಳ್ಳಿಯ ಮೇಲಿನ ದಾಳಿಗೂ ನೆರವಾಗದಿರಲಿ ಎಂದು ಅವರೂ ಬಯಸುತ್ತಾರೆಂದೇ ನನ್ನ ನಂಬಿಕೆ. ರಕ್ಷಣಾ ಸಾಮಗ್ರಿ ಮತ್ತು ನಾಗರಿಕರಿಗೂ ಸೇನೆಗೂ ಒದಗುವ ದ್ವಿಬಳಕೆಯ ಸರಕುಗಳ ರಫ್ತನ್ನು ನಿಯಂತ್ರಿಸಲು ನಮ್ಮಲ್ಲಿ ಸ್ಕೋಮೆಟ್ ಎಂಬ ಪಟ್ಟಿಯಿದೆ, ಪರವಾನಗಿಯ ವ್ಯವಸ್ಥೆಯಿದೆ. ಅಂದರೆ ಪ್ರತಿ ರವಾನೆಗೂ ಯಾರೋ ಒಬ್ಬ ಅಧಿಕಾರಿಯ ಸಹಿ ಬಿದ್ದಿರುತ್ತದೆ. ಆ ಸಹಿಯನ್ನು ತಡೆಹಿಡಿಯಲು ಹೊಸ ಕಾನೂನು ಬೇಕಿಲ್ಲ. ಸಿಂಗಪುರದಂಥ ಪುಟ್ಟ ದೇಶ ಇದೇ ವರದಿಯ ನಂತರ ತನಿಖೆ ಕೈಗೊಂಡು ಬಿಗಿ ಮಾಡಿದಾಗ ಅಲ್ಲಿನ ಕಂಪನಿಗಳಿಂದ ಸೇನೆಗೆ ಹೋಗುತ್ತಿದ್ದ ಸಾಮಗ್ರಿ ಒಂದೇ ವರ್ಷದಲ್ಲಿ ಸುಮಾರು ಶೇ 90ರಷ್ಟು ಇಳಿಯಿತು. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬರುವ ಮೊದಲೇ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ಸಂಬಂಧವನ್ನೇ ಕಡಿದುಕೊಂಡ ದೇಶ ನಮ್ಮದು.

ಎರಡನೆಯದಾಗಿ, ನಿರಾಶ್ರಿತರ ವಿಷಯ. 2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಗಡಿ ರಾಜ್ಯಗಳಿಗೆ ಪತ್ರ ಬರೆದು, ಒಳಬರುವವರನ್ನು ತಡೆಯಿರಿ, ನಿರಾಶ್ರಿತರೆಂದು ಮಾನ್ಯ ಮಾಡುವ ಅಧಿಕಾರ ರಾಜ್ಯಗಳಿಗಿಲ್ಲ ಎಂದಿತು. ಸುಮಾರು ಒಂದು ವಾರದಲ್ಲಿ ಮಿಜೋರಾಮಿನ ಆಗಿನ ಮುಖ್ಯಮಂತ್ರಿ ಜೊರಾಮ್‌ಥಂಗಾ ಅವರು ಪ್ರಧಾನಿಗೆ ಪತ್ರ ಬರೆದು, ಹೊಳೆ ದಾಟಿ ಬರುತ್ತಿರುವವರು ನಮ್ಮ ರಕ್ತಸಂಬಂಧಿಗಳು, ಅವರ ಕಷ್ಟಕ್ಕೆ ಕಣ್ಣು ಮುಚ್ಚಿ ಕೂರಲು ಮಿಜೋರಾಮಿಗೆ ಆಗದು ಎಂದು ತಿಳಿಸಿದರು. ಹನ್ನೊಂದು ಲಕ್ಷ ಜನಸಂಖ್ಯೆಯ ಆ ಪುಟ್ಟ ರಾಜ್ಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅನ್ನ ಹಾಕಿತು. ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್, ಮನೆಮನೆಯ ಹೆಂಗಸರು ಅಕ್ಕಿ, ಸೊಪ್ಪು, ಸೌದೆ ಹೊತ್ತು ತಂದರು. ನಾನು ನೋಡಿದ ಶೆಡ್ಡಿನ ತಗಡೂ ಯಾವುದೋ ಊರಿನವರು ವಂತಿಗೆ ಎತ್ತಿ ಕೊಡಿಸಿದ್ದಾಗಿತ್ತು. ಭಾರತಕ್ಕೆ ನಿರಾಶ್ರಿತರ ಕಾನೂನಿಲ್ಲ ಎಂಬುದು ಕೈಚೆಲ್ಲಲು ಕಾರಣವಾಗಬಾರದು. 1960ರ ದಶಕದಲ್ಲಿ ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಜಮೀನು ಕೊಟ್ಟಾಗಲೂ ಅಂಥ ಕಾನೂನಿರಲಿಲ್ಲ. ಆಗಿನ ಮೈಸೂರು ರಾಜ್ಯ ಸರ್ಕಾರಕ್ಕೆ ಮನಸ್ಸಿತ್ತು. ಇಂದು ಬೈಲಕುಪ್ಪೆಯ ಮುಸುಕಿನ ಜೋಳದ ಹೊಲಗಳ ನಡುವೆ ನಡೆದಾಡುವ ಯಾರೂ ಅದನ್ನು ತಪ್ಪು ಎನ್ನಲಾರರು. ಮಿಜೋರಾಂ ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಕೇಂದ್ರದಿಂದ ನಿಯಮಿತವಾದ ಹಣ, ಮಕ್ಕಳ ಶಾಲೆ, ಔಷಧಿ, ಸೇನೆಯ ಕೈಗೆ ಮರಳಿ ಒಪ್ಪಿಸುವುದಿಲ್ಲ ಎಂಬ ಭರವಸೆ, ಇಷ್ಟು ಸಾಕು. ಅದೇ ಹೊಳೆಯ ಸೇತುವೆಯ ಮೂಲಕ, ಸೇನೆಯ ಅನುಮತಿಗೆ ಕಾಯದೆ, ಆಚೆಯ ಚಿನ್ ಬೆಟ್ಟಗಳ ಹಳ್ಳಿಗಳಿಗೆ ಅಕ್ಕಿ, ಔಷಧಿ ಕಳುಹಿಸಲೂ ಸಾಧ್ಯವಿದೆ. ದೇಶದೊಳಗೇ ಮನೆಮಠ ಕಳೆದುಕೊಂಡು ಅಲೆಯುತ್ತಿರುವವರ ಸಂಖ್ಯೆ 30 ಲಕ್ಷ ಮೀರಿದೆ. ನೇಪಿಡಾವಿನ ಮೂಲಕ ಹೋದ ನೆರವು ಅವರಲ್ಲಿ ಬಹಳ ಮಂದಿಯನ್ನು ತಲುಪುವುದೇ ಇಲ್ಲ.

ಇನ್ನೊಂದು ಸಂಗತಿ ತಮ್ಮ ಕ್ಷೇತ್ರಗಳಿಗೇ ಸಂಬಂಧಿಸಿದ್ದು. ಥಾಯ್ಲೆಂಡ್ ಗಡಿಯ ಮ್ಯಾವಡ್ಡಿಯ ಸುತ್ತ ಸೇನೆಯ ಜತೆ ಸೇರಿಕೊಂಡ ಗಡಿ ಪಡೆಯ ನೆರಳಿನಲ್ಲಿ ಬೆಳೆದ ಸೈಬರ್ ವಂಚನೆಯ ಕೂಟಗಳ ಬಗ್ಗೆ ತಾವು ಕೇಳಿದ್ದೀರಿ. ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎಂಬ ಆಮಿಷಕ್ಕೆ ಬ್ಯಾಂಕಾಕಿಗೆ ಹೋದ ನಮ್ಮ ಹುಡುಗರು ಅಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ದಿನಕ್ಕೆ ಹದಿನಾರು ಗಂಟೆ ಮೋಸದ ಸಂದೇಶ ಕಳುಹಿಸುವ ಗುಲಾಮರಾದರು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಕರೆತರಲಾಯಿತು. ಇಂಥ ಕೂಟಗಳಿಂದ ಬಿಡಿಸಿ ತಂದವರಲ್ಲಿ ಕರ್ನಾಟಕದ ಯುವಕರೂ ಇದ್ದಾರೆ. ಇತ್ತ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಿವೃತ್ತರ ಉಳಿತಾಯದ ಹಣವನ್ನು ದೋಚುವ 'ಡಿಜಿಟಲ್ ಅರೆಸ್ಟ್' ಕರೆಗಳ ದಾರಿ ಹಿಡಿದು ಹೋದರೆ ಎಷ್ಟೋ ಸಲ ಅಂಥದೇ ಬೇಲಿಗಳ ಹತ್ತಿರ ನಿಲ್ಲುತ್ತದೆ. ಕಾನೂನೇ ಇಲ್ಲದ ಆಡಳಿತ ಪಕ್ಕದಲ್ಲಿದ್ದರೆ ಅದರ ಹೊಗೆ ನಮ್ಮ ಅಂಗಳಕ್ಕೂ ಬರುತ್ತದೆ.

ಹಾಗೆಂದು ದೆಹಲಿ ಏನೂ ಮಾಡಿಲ್ಲ ಎನ್ನಲಾರೆ. 2024ರಲ್ಲಿ ಬಂಡಾಯದ ಪಕ್ಷಗಳ ಪ್ರತಿನಿಧಿಗಳನ್ನೂ ಕರೆದು ಸಂವಿಧಾನ ಮತ್ತು ಒಕ್ಕೂಟ ವ್ಯವಸ್ಥೆಯ ಕುರಿತು ವಿಚಾರ ಸಂಕಿರಣ ನಡೆಸುವ ಪ್ರಯತ್ನ ವರದಿಯಾದಾಗ ನನಗೆ ಬಹಳ ಸಂತೋಷವಾಗಿತ್ತು. ರಾಯರು ನಡೆದ ದಾರಿ ಅದೇ. ಅದು ಮುಂದುವರಿಯಲಿ, ಗುಟ್ಟಾಗಿ ಅಲ್ಲದೆ ಬಹಿರಂಗವಾಗಿ ನಡೆಯಲಿ. ರಾಷ್ಟ್ರೀಯ ಐಕ್ಯ ಸರ್ಕಾರದವರಿಗೆ ದೆಹಲಿಯಲ್ಲಿ ಒಂದು ಕಚೇರಿ ತೆರೆಯಲು ಬಿಡಲಿ. 1967ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ನಾವು ಹಾಗೆ ಜಾಗ ಕೊಟ್ಟಿದ್ದೆವು. ಸೆರೆಯಲ್ಲಿರುವ ಕವಿಗಳು, ವೈದ್ಯರು, ವಿದ್ಯಾರ್ಥಿಗಳ ಬಿಡುಗಡೆಯನ್ನು ಪ್ರತಿ ಭೇಟಿಯಲ್ಲೂ ಹೆಸರು ಹಿಡಿದು ಕೇಳಲಿ. ಅದರಿಂದ ಏನು ಪ್ರಯೋಜನ ಎನ್ನುವವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಒಮ್ಮೆ ಹೋಗಿ ಬರಬೇಕು. ಅದು ಹಳೆಯ ಕೇಂದ್ರ ಕಾರಾಗೃಹ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆಯವರನ್ನು ಅಲ್ಲಿಯೇ ಇಟ್ಟಿದ್ದರು. ಅವರು ಸಂಸದರಾಗಿದ್ದರು, ತಮ್ಮ ಹಾಗೆಯೇ. ಹೊರಗಿನ ಜಗತ್ತು ತಮ್ಮನ್ನು ಮರೆತಿಲ್ಲ ಎಂಬ ಸುದ್ದಿ ಗೋಡೆಯೊಳಗಿನವರಿಗೆ ಎಷ್ಟು ಬಲ ಕೊಡುತ್ತದೆ ಎಂಬುದನ್ನು ಆ ಕಾಲದ ಸೆರೆವಾಸಿಗಳ ಬಾಯಿಂದ ನಾನು ಕೇಳಿದ್ದೇನೆ.

ಪಕ್ಷಭೇದವಿಲ್ಲದೆ ತಮ್ಮೆಲ್ಲರಲ್ಲಿ ನನ್ನ ಬೇಡಿಕೆ ಚಿಕ್ಕದು. ಮುಂದಿನ ಅಧಿವೇಶನದಲ್ಲಿ ತಮ್ಮಲ್ಲಿ ಯಾರಾದರೊಬ್ಬರು ಒಂದು ಚುಕ್ಕೆ ಗುರುತಿನ ಪ್ರಶ್ನೆಯನ್ನು ಹಾಕಿ. 2021ರ ಫೆಬ್ರವರಿಯಿಂದ ಈಚೆಗೆ ಮ್ಯಾನ್ಮಾರ್ ಸೇನೆಗೆ ಅಥವಾ ಅದರ ಪರವಾಗಿ ಕೊಳ್ಳುವವರಿಗೆ ಭಾರತದಿಂದ ಹೋದ ರಕ್ಷಣಾ ಸಾಮಗ್ರಿಗಳೇನು, ಅವುಗಳ ಪರವಾನಗಿ ಇಂದೂ ಚಾಲ್ತಿಯಲ್ಲಿದೆಯೇ, ಮಿಜೋರಾಮಿನ ಶಿಬಿರಗಳಿಗೆ ಕೇಂದ್ರ ಈವರೆಗೆ ಕೊಟ್ಟ ಹಣವೆಷ್ಟು, ಸೇನೆ ನಡೆಸಿದ ಚುನಾವಣೆಯನ್ನು ಭಾರತ ಸರ್ಕಾರ ನ್ಯಾಯಯುತವೆಂದು ಒಪ್ಪುತ್ತದೆಯೇ ಎಂದು ಸದನದಲ್ಲಿ ಕೇಳಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾಗುತ್ತದೆ, ಉಪಪ್ರಶ್ನೆಗೂ ಅವಕಾಶವಿರುತ್ತದೆ. ಅದಕ್ಕೆ ಅವಕಾಶ ಸಿಗದಿದ್ದರೆ ಶೂನ್ಯವೇಳೆಯಲ್ಲಿ ಎರಡು ನಿಮಿಷ ಮಾತನಾಡಿ. ಕನ್ನಡದಲ್ಲೇ ಮಾತನಾಡಬಹುದು, ಸದನದಲ್ಲಿ ಅನುವಾದದ ವ್ಯವಸ್ಥೆಯಿದೆ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯಲ್ಲಿ ತಮ್ಮಲ್ಲಿ ಯಾರಿಗಾದರೂ ಸ್ಥಾನವಿದ್ದರೆ ಮಿಜೋರಾಂ ಗಡಿಗೆ ಒಂದು ಅಧ್ಯಯನ ಪ್ರವಾಸವನ್ನು ಸೂಚಿಸಿ.

ಸಚಿವರ ಉತ್ತರ ಯಾವುದೇ ಬಂದರೂ ಅದರ ಪ್ರತಿಯನ್ನು ನನಗೂ ಒಂದು ಕಳುಹಿಸಿಕೊಡಿ. ಅದನ್ನು ಮಿಜೋ ಮಿತ್ರರ ಮೂಲಕ ಆ ಗಣಿತದ ಮೇಷ್ಟ್ರಿಗೆ ತಲುಪಿಸುತ್ತೇನೆಂದು ಸೇತುವೆಯ ಬಳಿ ನಿಂತು ಮಾತು ಕೊಟ್ಟು ಬಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ
ಮಂಗಳೂರು